ಲೇಪನಕ್ಕೆ ರಕ್ತ ತಾಗಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೆಂಟ್, ಹೃದಯ ಕವಾಟ, ಕೃತಕ ರಕ್ತನಾಳ, ಕ್ಯಾತಿಟರ್ ಮುಂತಾದವುಗಳ ಮೇಲಿನ ಲೇಪನ ರಕ್ತದ ಜೊತೆ ಹೇಗೆ ನಡೆದುಕೊಳ್ಳುತ್ತದೆ, ಅದನ್ನು ಅಳೆಯುವುದು ಹೇಗೆ ಎಂಬ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ, ಉಪನ್ಯಾಸದ ನಂತರ ಕೈಗೆ ಬಂದ ಚೀಟಿಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಕೇಳಿದವರಲ್ಲಿ ರೋಗಿಗಳ ಮನೆಯವರೂ ಇದ್ದಾರೆ, ಸಂಶೋಧನಾ ವಿದ್ಯಾರ್ಥಿಗಳೂ ಇದ್ದಾರೆ. ಹಾಗಾಗಿ ಸರಳ ಪ್ರಶ್ನೆಗಳು ಮೊದಲು, ತೊಡಕಿನವು ಆಮೇಲೆ.

## ಮೊದಲು ತಿಳಿಯಬೇಕಾದದ್ದು

ಸ್ಟೀಲಿನ ಲೋಟದಲ್ಲಿ ನೀರು ಸುಮ್ಮನೆ ಇರುತ್ತದೆ. ದೇಹದೊಳಗಿನ ಲೋಹದ ಮೇಲೆ ರಕ್ತ ಯಾಕೆ ಸುಮ್ಮನಿರುವುದಿಲ್ಲ?

ರಕ್ತಕ್ಕೆ ಪರಿಚಯವಿರುವುದು ಒಂದೇ ಮೇಲ್ಮೈ: ರಕ್ತನಾಳದ ಒಳಗೋಡೆಯ ಜೀವಕೋಶಗಳ ಪದರ. ಅದನ್ನು ಬಿಟ್ಟು ಬೇರೆ ಏನು ತಾಗಿದರೂ ನಾಳ ಒಡೆದಿದೆ ಎಂದೇ ರಕ್ತ ತಿಳಿಯುತ್ತದೆ. ಲೋಹವಾಗಲಿ ಪ್ಲಾಸ್ಟಿಕ್ ಆಗಲಿ, ತಾಗಿದ ಕೆಲವೇ ಕ್ಷಣಗಳಲ್ಲಿ ಅದರ ಮೇಲೆ ಪ್ರೋಟೀನುಗಳ ತೆಳು ಪದರ ಕೂರುತ್ತದೆ. ಮುಂದೆ ಬರುವ ಪ್ಲೇಟ್‌ಲೆಟ್‌ಗಳು, ಬಿಳಿ ರಕ್ತಕಣಗಳು ನೋಡುವುದು ಈ ಪದರವನ್ನೇ ಹೊರತು ಲೋಹವನ್ನಲ್ಲ. ಪದರದಲ್ಲಿ ಹೆಪ್ಪಿನ ಎಳೆಗಳಿಗೆ ಮೂಲವಾದ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹೆಚ್ಚಿದ್ದು, ಅದು ಕುಳಿತ ಭಂಗಿಯೂ ಅನುಕೂಲವಾಗಿದ್ದರೆ ಪ್ಲೇಟ್‌ಲೆಟ್‌ಗಳು ಅಂಟುತ್ತವೆ. ಅಲ್ಬುಮಿನ್ ಎಂಬ ಪ್ರೋಟೀನ್ ಹೆಚ್ಚಿದ್ದರೆ ಬಹುಮಟ್ಟಿಗೆ ಹಾದು ಹೋಗುತ್ತವೆ. ಇನ್ನೊಂದು ದಾರಿಯೂ ಇದೆ. ಗಾಜಿನಂತಹ ಋಣ ವಿದ್ಯುದಂಶದ ಮೇಲ್ಮೈ ತಾಗಿದಾಗ ಹನ್ನೆರಡನೆಯ ಅಂಶ ಎಂಬ ಪ್ರೋಟೀನ್ ಚುರುಕಾಗುತ್ತದೆ. ಅಲ್ಲಿಂದ ಒಂದರ ಹಿಂದೊಂದು ಪ್ರೋಟೀನ್ ಎಚ್ಚೆತ್ತು, ಕೊನೆಗೆ ಥ್ರಾಂಬಿನ್ ಹುಟ್ಟಿ ರಕ್ತ ಹೆಪ್ಪುಗಟ್ಟುತ್ತದೆ.

ಪ್ಲೇಟ್‌ಲೆಟ್ ಎಂದರೆ ಡೆಂಗಿ ಕಾಲದಲ್ಲಿ ಎಲ್ಲರೂ ಎಣಿಸುವ ಅದೇ ಕಣ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ.

ಲೇಪನಕ್ಕೆ ಏನೇನು ಬಳಸುತ್ತಾರೆ?

ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಏನೂ ಅಂಟದಂತೆ ನೋಡಿಕೊಳ್ಳುವ ಲೇಪನ. ನೀರನ್ನು ಬಿಗಿಯಾಗಿ ಹಿಡಿದಿಡುವ ಪಾಲಿಎಥಿಲೀನ್ ಗ್ಲೈಕಾಲ್, ಜೀವಕೋಶದ ಹೊರಪೊರೆಯನ್ನು ಅನುಕರಿಸುವ ಫಾಸ್ಫೊರಿಲ್‌ಕೋಲೀನ್ ಪಾಲಿಮರ್‌ಗಳು ಈ ಗುಂಪಿನವು. ಎರಡನೆಯದು ರಕ್ತದ ಕೆಲಸದಲ್ಲಿ ನೇರವಾಗಿ ಕೈಹಾಕುವ ಲೇಪನ. ಹೆಪ್ಪುಗಟ್ಟುವುದನ್ನು ತಡೆಯುವ ಔಷಧ ಹೆಪಾರಿನ್ ಇದರ ಹಿರಿಯಣ್ಣ. ಮೂರನೆಯದು ಗಟ್ಟಿಯಾದ, ನಯವಾದ, ರಾಸಾಯನಿಕವಾಗಿ ಮಂದವಾದ ಲೇಪನ: ಯಾಂತ್ರಿಕ ಕವಾಟಗಳ ಪೈರೊಲಿಟಿಕ್ ಇಂಗಾಲ, ವಜ್ರಸದೃಶ ಇಂಗಾಲ, ಟೈಟಾನಿಯಂ ನೈಟ್ರೈಡ್. ಔಷಧ ಲೇಪಿತ ಸ್ಟೆಂಟ್ ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಸೇರುವುದಿಲ್ಲ. ಅದರ ಬಗ್ಗೆ ಮುಂದೆಯೇ ಪ್ರಶ್ನೆಯಿದೆ.

ನಮ್ಮ ತಂದೆಯವರಿಗೆ ಔಷಧ ಲೇಪಿತ ಸ್ಟೆಂಟ್ ಹಾಕಿದ್ದಾರೆ. ಲೇಪನದಲ್ಲೇ ಔಷಧ ಇರುವಾಗ ರಕ್ತ ತೆಳುವಾಗುವ ಮಾತ್ರೆ ಯಾಕೆ? ನಿಲ್ಲಿಸಬಹುದೇ?

ದಯವಿಟ್ಟು ನಿಲ್ಲಿಸಬೇಡಿ. ನಿಲ್ಲಿಸುವ ನಿರ್ಧಾರ ಅವರ ಹೃದ್ರೋಗ ತಜ್ಞರದ್ದು ಮಾತ್ರ. ಹಲ್ಲು ಕೀಳಿಸಲು ಹೋದಾಗಲೂ ಮೊದಲು ಅವರನ್ನೇ ಕೇಳಿ.

ಲೇಪನದಲ್ಲಿರುವ ಸಿರೋಲಿಮಸ್ ಅಥವಾ ಆ ಜಾತಿಯ ಔಷಧ ಹೆಪ್ಪುಗಟ್ಟುವುದನ್ನು ತಡೆಯಲು ಇಟ್ಟದ್ದಲ್ಲ. ಸ್ಟೆಂಟ್ ಹಾಕಿದ ಜಾಗದಲ್ಲಿ ನಾಳದ ಸ್ನಾಯುಕೋಶಗಳು ಅತಿಯಾಗಿ ಬೆಳೆದು ದಾರಿ ಮತ್ತೆ ಕಿರಿದಾಗುವುದನ್ನು ಅದು ತಡೆಯುತ್ತದೆ. ಅಮೆರಿಕದಲ್ಲಿ ಇಂತಹ ಮೊದಲ ಸ್ಟೆಂಟ್‌ಗೆ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಕೆಲವು ವರ್ಷಗಳಲ್ಲೇ ಇನ್ನೊಂದು ಮುಖ ಕಾಣಿಸಿತು. ಅದೇ ಔಷಧ ನಾಳದ ಒಳಪದರ ಸ್ಟೆಂಟಿನ ತಂತಿಗಳ ಮೇಲೆ ಹಬ್ಬುವುದನ್ನೂ ನಿಧಾನ ಮಾಡುತ್ತದೆ, ಅಂದರೆ ಲೋಹ ಮತ್ತು ಪಾಲಿಮರ್ ಹೆಚ್ಚು ಕಾಲ ರಕ್ತಕ್ಕೆ ತೆರೆದುಕೊಂಡಿರುತ್ತವೆ. ಆ ಅವಧಿಯನ್ನು ಸುರಕ್ಷಿತವಾಗಿ ದಾಟಿಸುವುದು ಆ ಮಾತ್ರೆಗಳ ಕೆಲಸ.

ಲೇಪನ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡಲು ಹಲವು ಪರೀಕ್ಷೆಗಳಿವೆ ಎನ್ನುತ್ತಾರೆ. ಕೊನೆಗೆ "ಈ ಲೇಪನ ರಕ್ತಕ್ಕೆ ಹೊಂದುತ್ತದೆ, ನೂರಕ್ಕೆ ಇಷ್ಟು" ಎಂದು ಒಂದು ಅಂಕಿ ಕೊಡಲು ಯಾಕಾಗುವುದಿಲ್ಲ?

ಹೊಂದಿಕೆ ಲೇಪನವೊಂದರದ್ದೇ ಗುಣವಲ್ಲ. ಲೇಪನ, ರಕ್ತ, ಹರಿವು, ಅವಧಿ ಈ ನಾಲ್ಕೂ ಸೇರಿದಾಗ ಹುಟ್ಟುವ ಗುಣ. ಟೈಟಾನಿಯಂ ಅನ್ನೇ ನೋಡಿ. ಹಲ್ಲಿನ ಬೇರಿನಂತೆ ದವಡೆಯಲ್ಲಿ ಕೂರುತ್ತದೆ, ಮೂಳೆಗೆ ಬಲು ಪ್ರಿಯ. ಅದೇ ಟೈಟಾನಿಯಂಗೆ ತಾಜಾ ರಕ್ತ ತಾಗಿಸಿದಾಗ ಥ್ರಾಂಬಿನ್ ಜೋರಾಗಿ ಹುಟ್ಟುತ್ತದೆ ಎಂದು ಸ್ವೀಡನ್ನಿನ ಉಪ್ಸಾಲದ ಸಂಶೋಧಕರು 1990ರ ದಶಕದ ಕೊನೆಯಲ್ಲಿ ತೋರಿಸಿದರು. ಮೂಳೆಗೆ ಒಳ್ಳೆಯದಾದದ್ದು ನಾಳಕ್ಕೆ ಒಳ್ಳೆಯದಾಗಬೇಕಿಲ್ಲ. ಅರ್ಧ ಗಂಟೆ ಇರುವ ಕ್ಯಾತಿಟರ್‌ಗೆ ಸಾಕಾದ ಲೇಪನ ಇಪ್ಪತ್ತು ವರ್ಷ ಬಡಿಯುವ ಕವಾಟಕ್ಕೆ ಸಾಲದು.

ಈ ಕಾರಣಕ್ಕೇ ಐಎಸ್‌ಒ 10993-4 ಎಂಬ ಅಂತರರಾಷ್ಟ್ರೀಯ ಮಾನದಂಡ ಒಂದು ಪರೀಕ್ಷೆಯನ್ನು ಹೇಳುವುದಿಲ್ಲ. ಕೆಂಪುಕಣ ಒಡೆಯುವುದು, ಹೆಪ್ಪುಗಟ್ಟುವ ಕ್ರಿಯೆ, ಪ್ಲೇಟ್‌ಲೆಟ್‌ಗಳು, ರಕ್ತಕಣಗಳ ಎಣಿಕೆ, ಕಾಂಪ್ಲಿಮೆಂಟ್ ವ್ಯವಸ್ಥೆ (ಹೊರಗಿನದನ್ನು ಎದುರಿಸುವ ರಕ್ತದ ಪ್ರೋಟೀನುಗಳ ಸರಣಿ) ಎಂದು ಬೇರೆ ಬೇರೆ ಗುಂಪು ಮಾಡಿ, ನಿಮ್ಮ ಸಾಧನ ಎಲ್ಲಿ ಎಷ್ಟು ಕಾಲ ಇರುತ್ತದೆ ಎಂಬುದನ್ನು ನೋಡಿ ಆಯ್ದುಕೊಳ್ಳಿ ಎನ್ನುತ್ತದೆ. "ಹೊಂದುತ್ತದೆ" ಎಂದು ಮಾತ್ರ ಬರೆದಿರುವ ಜಾಹೀರಾತು ಕಂಡರೆ ಎಷ್ಟು ಹೊತ್ತು, ಯಾವ ರಕ್ತದಲ್ಲಿ, ಯಾವುದಕ್ಕೆ ಹೋಲಿಸಿ ಎಂದು ಕೇಳಿ. ಮಾರುವವರು ತಡವರಿಸಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

## ಪ್ರಯೋಗಾಲಯದ ಮೇಜಿನ ಮೇಲೆ

ರಕ್ತನಿಧಿಯಲ್ಲಿ ಅವಧಿ ಮುಗಿಯುತ್ತಿರುವ ಚೀಲಗಳು ಸಿಗುತ್ತವೆ. ಅದನ್ನೇ ಬಳಸಿದರೆ ಆಗುವುದಿಲ್ಲವೇ?

ಕೆಂಪುಕಣಗಳ ಪ್ರಾಥಮಿಕ ಪ್ರಯೋಗಕ್ಕೂ ಅದು ಅರೆಮನಸ್ಸಿನ ಆಯ್ಕೆ. ಹಳೆಯ ಕಣಗಳು ತಾವಾಗಿಯೇ ಒಡೆಯುತ್ತಿರುತ್ತವೆ. ಪ್ಲೇಟ್‌ಲೆಟ್ ಪ್ರಯೋಗಕ್ಕಂತೂ ಬೇಡವೇ ಬೇಡ. ಫ್ರಿಜ್‌ನ ತಂಪಿನಲ್ಲಿ ಪ್ಲೇಟ್‌ಲೆಟ್‌ಗಳು ಆಕಾರ ಬದಲಿಸಿ ಚುರುಕಾಗುತ್ತವೆ, ಬೇಗನೆ ಕೈಕೊಡುತ್ತವೆ. ಮೊದಲೇ ಕೆರಳಿರುವ ಕಣಗಳನ್ನು ನಿಮ್ಮ ಲೇಪನದ ಮುಂದಿಟ್ಟು ಅಳೆದರೆ ಬರುವುದು ಫ್ರಿಜ್‌ನ ಫಲಿತಾಂಶ.

ಬೇಕಾದದ್ದು ಆರೋಗ್ಯವಂತ ದಾನಿಯ ತಾಜಾ ರಕ್ತ, ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮತ್ತು ದಾನಿಯ ಲಿಖಿತ ಸಮ್ಮತಿಯೊಂದಿಗೆ. ದಾನಿ ಹಿಂದಿನ ಹತ್ತು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಒಮ್ಮೆ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಬದುಕಿರುವಷ್ಟು ಕಾಲ, ಅಂದರೆ ಏಳರಿಂದ ಹತ್ತು ದಿನ, ಮಂಕಾಗಿಯೇ ಇರುತ್ತದೆ. ತಲೆನೋವಿಗೆ, ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗಿದ ಮಾತ್ರೆಯನ್ನು ಜನ ಔಷಧದ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದ್ದರಿಂದ ಮಾತ್ರೆಗಳ ಹೆಸರು ಹೇಳಿಯೇ ಕೇಳಬೇಕು. ಸೂಜಿ 21 ಗೇಜ್ ಅಥವಾ ಅದಕ್ಕಿಂತ ದಪ್ಪ ಇರಲಿ. ತೋಳಿನ ಪಟ್ಟಿಯನ್ನು ಬೇಗ ಸಡಿಲಿಸಿ. ಮೊದಲ ಕೆಲವು ಮಿಲಿಲೀಟರ್ ಬೇರೆ ಕೊಳವೆಗೆ ಹೋಗಲಿ. ಚುಚ್ಚಿದ ಗಾಯದಿಂದ ಬಂದ ಅಂಶಗಳು ಅದರಲ್ಲಿರುತ್ತವೆ. ಕೊಳವೆಯನ್ನು ಕುಲುಕಬೇಡಿ, ಮೆಲ್ಲನೆ ತಿರುಗಿಸಿ. ನಾಲ್ಕು ಗಂಟೆಯೊಳಗೆ ಪ್ರಯೋಗ ಮುಗಿಸಿ. ನಗರದ ಆ ತುದಿಯಲ್ಲಿ ರಕ್ತ ತೆಗೆದು ಈ ತುದಿಗೆ ಸ್ಕೂಟರಿನಲ್ಲಿ ತರುವ ಯೋಜನೆ ಇದ್ದರೆ, ಪ್ರಯೋಗವನ್ನೇ ಆ ತುದಿಗೆ ಒಯ್ಯುವುದು ಮೇಲು.

ದಾನಿಯಿಂದ ದಾನಿಗೆ ವ್ಯತ್ಯಾಸ ಬಹಳ. ಕೆಲವರ ರಕ್ತದಲ್ಲಿ ಕೆಟ್ಟ ಲೇಪನ, ಇನ್ನೊಬ್ಬರ ರಕ್ತದಲ್ಲಿನ ಒಳ್ಳೆಯ ಲೇಪನಕ್ಕಿಂತ ಚೆನ್ನಾಗಿ ಕಾಣಬಹುದು. ಹಾಗಾಗಿ ಒಬ್ಬ ದಾನಿಯ ರಕ್ತವನ್ನೇ ಅದೇ ದಿನ ಎಲ್ಲ ಮಾದರಿಗಳಿಗೂ ಹಂಚಿ, ಆ ದಾನಿಯೊಳಗೇ ಹೋಲಿಸಿ, ಆಮೇಲೆ ಬೇರೆ ದಾನಿಗಳಲ್ಲಿ ಪುನರಾವರ್ತಿಸಿ. ಒಬ್ಬರ ರಕ್ತದಲ್ಲಿ ಹತ್ತು ಸಲ ಅಳೆದರೂ ಲೆಕ್ಕಕ್ಕೆ ಅದು ಒಂದೇ ದಾನಿ.

ಸಿಟ್ರೇಟ್ ಹಾಕಿದ ರಕ್ತದಲ್ಲಿ ನಮ್ಮ ಲೇಪನದ ಮೇಲೆ ಒಂದು ಎಳೆ ಹೆಪ್ಪೂ ಕಾಣಲಿಲ್ಲ. ಇದನ್ನು ಬರೆದು ಪ್ರಕಟಿಸಬಹುದೇ?

ಬೇಡ. ಸಿಟ್ರೇಟ್ ಮಾಡುವ ಕೆಲಸವೇ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದು. ಕ್ಯಾಲ್ಸಿಯಂ ಇಲ್ಲದೆ ಥ್ರಾಂಬಿನ್ ಹುಟ್ಟುವುದಿಲ್ಲ, ಫೈಬ್ರಿನ್ ಎಳೆಗಳೂ ಕಟ್ಟುವುದಿಲ್ಲ. ಆ ರಕ್ತದಲ್ಲಿ ಗಾಜಿನ ಚೂರನ್ನು ಹಾಕಿದ್ದರೂ ಇದೇ ಫಲಿತಾಂಶ ಬರುತ್ತಿತ್ತು. ನಿಮ್ಮ ಲೇಪನದ ಜೊತೆ ಒಂದು ಗಾಜಿನ ಮಾದರಿ ಇಟ್ಟಿದ್ದರೆ ಅದು ಆ ದಿನವೇ ಗೊತ್ತಾಗುತ್ತಿತ್ತು.

ಹೆಪ್ಪುರೋಧಕವಿಲ್ಲದ ರಕ್ತ ಪ್ಲಾಸ್ಟಿಕ್ ಕೊಳವೆಯಲ್ಲೂ ಕೆಲವೇ ನಿಮಿಷಗಳಲ್ಲಿ ಕೆಡಲು ತೊಡಗುತ್ತದೆ, ಆದ್ದರಿಂದ ಏನಾದರೊಂದು ಸೇರಿಸದೆ ವಿಧಿಯಿಲ್ಲ. ಸೇರಿಸಿದ ಪ್ರತಿಯೊಂದೂ ಯಾವುದೋ ಒಂದು ಬಾಗಿಲು ಮುಚ್ಚುತ್ತದೆ. ಸಿಟ್ರೇಟ್ ಮತ್ತು ಇಡಿಟಿಎ ಹೆಪ್ಪಿನ ದಾರಿಯನ್ನೂ ಕಾಂಪ್ಲಿಮೆಂಟ್ ದಾರಿಯನ್ನೂ ಮುಚ್ಚುತ್ತವೆ, ಏಕೆಂದರೆ ಕಾಂಪ್ಲಿಮೆಂಟ್‌ಗೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕು. ಹೆಪಾರಿನ್ ಥ್ರಾಂಬಿನ್ ಅನ್ನು ತಡೆಯುತ್ತದೆ, ಕಾಂಪ್ಲಿಮೆಂಟ್ ಅನ್ನು ಪ್ರಮಾಣಕ್ಕೆ ತಕ್ಕಂತೆ ಅತ್ತಿತ್ತ ಎಳೆಯುತ್ತದೆ. ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್ ಥ್ರಾಂಬಿನ್ ಒಂದನ್ನೇ ಹಿಡಿಯುತ್ತದೆ, ಕಾಂಪ್ಲಿಮೆಂಟ್ ತಂಟೆಗೆ ಹೋಗುವುದಿಲ್ಲ. ಕಾಂಪ್ಲಿಮೆಂಟ್ ಅಳೆಯುವವರಿಗೆ ಹಾಗಾಗಿ ಹಿರುಡಿನ್ನೇ ಪ್ರಿಯ.

ಹೆಪ್ಪನ್ನೇ ನೋಡಬೇಕಿದ್ದರೆ ಎರಡು ದಾರಿ: ಸಿಟ್ರೇಟ್ ರಕ್ತಕ್ಕೆ ಪ್ರಯೋಗದ ಹೊತ್ತಿಗೆ ಕ್ಯಾಲ್ಸಿಯಂ ಮರಳಿ ಸೇರಿಸುವುದು, ಇಲ್ಲವೇ ಹೆಪಾರಿನ್ ಅನ್ನು ಅತ್ಯಲ್ಪ ಪ್ರಮಾಣದಲ್ಲಿ ಹಾಕಿ ಕೆಟ್ಟ ಮೇಲ್ಮೈಗೂ ಒಳ್ಳೆಯ ಮೇಲ್ಮೈಗೂ ವ್ಯತ್ಯಾಸ ಕಾಣುವಷ್ಟು ಜಾಗ ಬಿಡುವುದು. ಆ ಪ್ರಮಾಣವನ್ನು ನಿಮ್ಮ ವ್ಯವಸ್ಥೆಯಲ್ಲೇ ಪ್ರಯತ್ನಿಸಿ ಕಂಡುಕೊಳ್ಳಬೇಕು. ಹೆಪ್ಪುಗಟ್ಟಲೇಬೇಕಾದ ಮಾದರಿ ಹೆಪ್ಪುಗಟ್ಟದಿದ್ದ ದಿನದ ಅಂಕಿಗಳನ್ನೆಲ್ಲ ಪಕ್ಕಕ್ಕಿಡಿ.

ಹಿಮೋಲಿಸಿಸ್ (ಕೆಂಪುಕಣ ಒಡೆಯುವಿಕೆ) 2 ಪ್ರತಿಶತಕ್ಕಿಂತ ಕಡಿಮೆ ಬಂದಿದೆ. ಪಾಸಾದ ಹಾಗಲ್ಲವೇ?

ಆ ಒಂದು ಪರೀಕ್ಷೆಯಲ್ಲಿ, ಹೌದು. ಎಎಸ್‌ಟಿಎಂ ಎಫ್756 ಎಂಬ ವಿಧಾನದಲ್ಲಿ ಮೊಲದ ರಕ್ತವನ್ನು ಮಿಲಿಲೀಟರಿಗೆ 10 ಮಿಲಿಗ್ರಾಂ ಹಿಮೋಗ್ಲೋಬಿನ್ ಬರುವಂತೆ ತೆಳುವಾಗಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಮಾದರಿಯೊಂದಿಗೆ ಇಟ್ಟು, ಹೊರಬಂದ ಹಿಮೋಗ್ಲೋಬಿನ್ ಅನ್ನು ಬಣ್ಣದಿಂದ ಅಳೆಯುತ್ತಾರೆ. ನಿಯಂತ್ರಣ ಮಾದರಿಗಿಂತ ಎಷ್ಟು ಹೆಚ್ಚು ಎಂಬುದು ಲೆಕ್ಕ: 2ರವರೆಗೆ ಹಾನಿಯಿಲ್ಲ, 2ರಿಂದ 5 ಅಲ್ಪ, 5 ದಾಟಿದರೆ ಹಾನಿಕರ. ಮಾದರಿಯನ್ನು ನೇರವಾಗಿ ಒಮ್ಮೆ, ಅದನ್ನು ನೆನೆಸಿದ ದ್ರವದಿಂದ ಇನ್ನೊಮ್ಮೆ ಪರೀಕ್ಷಿಸಬೇಕು. ಎರಡನೆಯದನ್ನು ಬಿಡುವವರೇ ಹೆಚ್ಚು.

ಇದು ಹೇಳುವುದು ಕೆಂಪುಕಣಗಳು ಒಡೆದವೇ ಎಂಬುದನ್ನಷ್ಟೇ. ಹೆಪ್ಪಿನ ಬಗ್ಗೆ, ಪ್ಲೇಟ್‌ಲೆಟ್ ಬಗ್ಗೆ ಇದು ಮೌನಿ. ಅಗ್ಗ, ಸುಲಭ, ಅಂಕಿಯೂ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ಲೇಖನಗಳ ಶೀರ್ಷಿಕೆಯಲ್ಲಿ "ರಕ್ತಸ್ನೇಹಿ" ಎಂಬ ಪದವನ್ನು ಇದೊಂದರ ಬಲದ ಮೇಲೆ ಹಾಕಿರುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ.

ನೀರಿನ ಹನಿ ಕೂರಿಸಿ ಕೋನ ಅಳೆದಿದ್ದೇವೆ. ಮೇಲ್ಮೈ ನೀರನ್ನು ಪ್ರೀತಿಸಿದರೆ ರಕ್ತಕ್ಕೂ ಒಳ್ಳೆಯದು ತಾನೇ?

ಅಷ್ಟು ನೇರವಾದ ನಂಟು ಇಲ್ಲ. ಶುದ್ಧ ಗಾಜಿನ ಮೇಲೆ ನೀರು ಪೂರ್ತಿ ಹರಡಿಕೊಳ್ಳುತ್ತದೆ, ಆದರೂ ಗಾಜು ಹೆಪ್ಪನ್ನು ಬೇಗನೆ ಹುಟ್ಟಿಸುತ್ತದೆ. ಟೆಫ್ಲಾನ್ ಮೇಲೆ ಹನಿ ಸುಮಾರು 110 ಡಿಗ್ರಿ ಕೋನದಲ್ಲಿ ಗುಂಡಾಗಿ ನಿಲ್ಲುತ್ತದೆ, ಆದರೂ ಅದರಿಂದ ಮಾಡಿದ ಕೃತಕ ನಾಳಗಳು ದಶಕಗಳಿಂದ ಬಳಕೆಯಲ್ಲಿವೆ. ಹನಿಯ ಕೋನದಿಂದ ತಿಳಿಯುವುದು ಲೇಪನ ಬಂದಿದೆಯೇ, ಎಲ್ಲೆಡೆ ಒಂದೇ ಸಮ ಇದೆಯೇ ಎಂಬುದು. ದಿನನಿತ್ಯದ ಗುಣಮಟ್ಟ ತಪಾಸಣೆಗೆ ಅದು ಚೆನ್ನಾಗಿದೆ, ಅಲ್ಲಿಗೇ ನಿಲ್ಲಿಸಿ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪ್ಲೇಟ್‌ಲೆಟ್‌ಗಳೇ ಕಾಣಲಿಲ್ಲ. ಅಂದರೆ ಲೇಪನ ಗೆದ್ದಿದೆಯೇ?

ಗೆದ್ದಿರಬಹುದು. ತೊಳೆಯುವಾಗ ಉದುರಿಹೋಗಿರಬಹುದು. ಮೂರನೆಯ ಸಾಧ್ಯತೆ ಎಲ್ಲಕ್ಕಿಂತ ಕೆಟ್ಟದ್ದು: ಅಂಟಿ, ಗುಂಪುಗೂಡಿ, ಕಿತ್ತುಕೊಂಡು ಹರಿವಿನಲ್ಲಿ ಹೋಗಿರಬಹುದು. ದೇಹದಲ್ಲಿ ಹಾಗಾದರೆ ಆ ಗುಂಪು ಮೆದುಳಿನ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಲೇಪನ ಮಾತ್ರ ಫಳಫಳ ಹೊಳೆಯುತ್ತಿರುತ್ತದೆ. ಆದ್ದರಿಂದ ಮೇಲ್ಮೈಯನ್ನು ನೋಡಿದ ಮೇಲೆ ರಕ್ತವನ್ನೂ ನೋಡಿ. ಪ್ರಯೋಗಕ್ಕೆ ಮೊದಲು ಮತ್ತು ನಂತರ ಪ್ಲೇಟ್‌ಲೆಟ್ ಎಣಿಕೆ ಮಾಡಿಸಲು ಮಾಮೂಲಿ ರಕ್ತಪರೀಕ್ಷೆಯ ಯಂತ್ರವೇ ಸಾಕು. ಎಣಿಕೆ ಕುಸಿದಿದ್ದು ಮೇಲ್ಮೈ ಖಾಲಿಯಿದ್ದರೆ ಆ ಕಣಗಳು ಎಲ್ಲಿ ಹೋದವು ಎಂದು ಹುಡುಕಲೇಬೇಕು.

ಚಿತ್ರಕ್ಕೂ ಒಂದು ಶಿಸ್ತು ಬೇಕು. 2.5 ಪ್ರತಿಶತ ಗ್ಲುಟರಾಲ್ಡಿಹೈಡ್‌ನಲ್ಲಿ ಕಣಗಳನ್ನು ಸ್ಥಿರಗೊಳಿಸಿ, ಆಲ್ಕೋಹಾಲಿನ ಸಾಂದ್ರತೆ ಹಂತಹಂತವಾಗಿ ಏರಿಸುತ್ತ ನೀರು ತೆಗೆದು, ಆಕಾರ ಕುಗ್ಗದಂತೆ ಒಣಗಿಸಿ, ಚಿನ್ನದ ತೆಳು ಪದರ ಹಾಕುತ್ತಾರೆ. ಯಾವ ಜಾಗಗಳ ಚಿತ್ರ ತೆಗೆಯಬೇಕೆಂದು ಯಂತ್ರದ ಮುಂದೆ ಕೂರುವ ಮೊದಲೇ ನಿರ್ಧರಿಸಿ. ಕೂತ ಮೇಲೆ ಕಣ್ಣು ತನಗೆ ಬೇಕಾದ ಜಾಗಕ್ಕೇ ಹೋಗುತ್ತದೆ. ಕಣಗಳ ಸಂಖ್ಯೆಯಷ್ಟೇ ಆಕಾರವೂ ಮುಖ್ಯ: ಗುಂಡಗಿದ್ದರೆ ಶಾಂತ, ಕೈಕಾಲು ಚಾಚಿದ್ದರೆ ಚುರುಕು, ದೋಸೆಯ ಹಾಗೆ ಹರಡಿದ್ದರೆ ಪೂರ್ತಿ ಕೆರಳಿದೆ.

## ಹರಿವು ಮತ್ತು ಅಳತೆ

ಚಾಂಡ್ಲರ್ ಲೂಪ್ ನಾವೇ ಕಟ್ಟಿಕೊಳ್ಳಬಹುದೇ? ಎಲ್ಲಿ ಎಡವುತ್ತೇವೆ?

ಖಂಡಿತ ಕಟ್ಟಬಹುದು. 1958ರಲ್ಲಿ ಚಾಂಡ್ಲರ್ ವಿವರಿಸಿದ ಈ ಸಾಧನದಲ್ಲಿ ಪಂಪೂ ಇಲ್ಲ, ಕವಾಟವೂ ಇಲ್ಲ. ಪ್ಲಾಸ್ಟಿಕ್ ಕೊಳವೆಗೆ ಭಾಗಶಃ ರಕ್ತ ತುಂಬಿ, ಎರಡು ತುದಿ ಜೋಡಿಸಿ ಉಂಗುರ ಮಾಡಿ, 37 ಡಿಗ್ರಿಯ ನೀರಿನಲ್ಲಿ ನಿಧಾನವಾಗಿ ತಿರುಗಿಸುವುದು. ರಕ್ತ ತಗ್ಗಿನಲ್ಲೇ ಉಳಿಯುತ್ತದೆ, ಗೋಡೆ ಅದರ ಸುತ್ತ ಚಲಿಸುತ್ತದೆ. ಕೊಳವೆಯ ಒಳಗೋಡೆಗೆ ಲೇಪನ ಮಾಡಬಹುದು, ಅಥವಾ ಒಳಗೆ ಸ್ಟೆಂಟ್ ಕೂರಿಸಬಹುದು. ಒಬ್ಬ ದಾನಿಯ ರಕ್ತದಲ್ಲಿ ಅನೇಕ ಉಂಗುರಗಳನ್ನು ಒಟ್ಟಿಗೆ ತಿರುಗಿಸಬಹುದು ಎಂಬುದೇ ಇದರ ದೊಡ್ಡ ಗುಣ.

ಎಡವುವ ಮೊದಲ ಜಾಗ, ಉಂಗುರದೊಳಗಿನ ಗಾಳಿ. ಗಾಳಿ ಮತ್ತು ರಕ್ತ ಸೇರುವ ಗೆರೆಯಲ್ಲಿ ಪ್ರೋಟೀನುಗಳು ಮಡಿಕೆ ಬಿಚ್ಚಿಕೊಂಡು ಹಾಳಾಗುತ್ತವೆ, ಪ್ಲೇಟ್‌ಲೆಟ್ ಮತ್ತು ಬಿಳಿಕಣಗಳು ಅಲ್ಲಿ ಗುಂಪುಗೂಡುತ್ತವೆ. ಲೇಪನದ ಪರಿಣಾಮ ಚಿಕ್ಕದಾಗಿದ್ದರೆ ಗಾಳಿಯ ಪರಿಣಾಮ ಅದನ್ನು ನುಂಗಿಬಿಡುತ್ತದೆ. ಎರಡನೆಯದು ಕೊಳವೆಯ ಜೋಡಣೆ. ಅಲ್ಲಿ ಒಂದು ಮೆಟ್ಟಿಲಿನಷ್ಟು ಏರುಪೇರು ಇದ್ದರೆ ಹೆಪ್ಪು ಅಲ್ಲೇ ಹುಟ್ಟುತ್ತದೆ. ಮೂರನೆಯದು ಕೊಳವೆಯ ವಿಸ್ತೀರ್ಣ. ಒಳಗೆ ಕೂರಿಸಿದ ಸ್ಟೆಂಟ್ ಬಲು ಚಿಕ್ಕದು, ಸುತ್ತಲಿನ ಕೊಳವೆ ದೊಡ್ಡದು. ಖಾಲಿ ಉಂಗುರವೊಂದನ್ನು ಜೊತೆಯಲ್ಲೇ ತಿರುಗಿಸದಿದ್ದರೆ ಕೊಳವೆಯ ಪಾಪವನ್ನು ಸ್ಟೆಂಟಿನ ತಲೆಗೆ ಕಟ್ಟುತ್ತೀರಿ.

ಗಾಳಿ ಬೇಡವೆಂದು ರೋಲರ್ ಪಂಪ್ ಹಾಕುವವರಿದ್ದಾರೆ. ಆಗ ಪಂಪ್ ಕೊಳವೆಯನ್ನು ಹಿಂಡಿ ಕೆಂಪುಕಣಗಳನ್ನು ಒಡೆಯುತ್ತದೆ. ತೊಂದರೆಯಿಲ್ಲದ ಉಂಗುರ ಇನ್ನೂ ಬಂದಿಲ್ಲ. ನಿಮ್ಮ ಪ್ರಶ್ನೆಗೆ ಯಾವ ತೊಂದರೆ ಕಡಿಮೆ ಅಡ್ಡಿ ಮಾಡುತ್ತದೋ ಅದನ್ನು ಆಯ್ದುಕೊಳ್ಳಿ.

ಹರಿವು ಎಷ್ಟು ಇಡಬೇಕು? ನಿಮಿಷಕ್ಕೆ 100 ಮಿಲಿಲೀಟರ್ ಸಾಕೇ?

ಮಿಲಿಲೀಟರ್ ಹೇಳಿದರೆ ಸಾಲದು, ಕೊಳವೆಯ ವ್ಯಾಸವನ್ನೂ ಹೇಳಬೇಕು. ಗೋಡೆಯ ಬಳಿ ರಕ್ತದ ಪದರಗಳು ಒಂದರ ಮೇಲೊಂದು ಜಾರುವ ದರ ಇಲ್ಲಿ ಮುಖ್ಯ. ಹರಿವಿನ ನಾಲ್ಕು ಪಟ್ಟನ್ನು ಪೈ ಮತ್ತು ತ್ರಿಜ್ಯದ ಘನದ ಗುಣಲಬ್ಧದಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ನಿಮ್ಮ 100 ಮಿಲಿಲೀಟರ್ 4 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 265 ಆಗುತ್ತದೆ. ಅದೇ ಹರಿವು 2 ಮಿಲಿಮೀಟರ್ ಕೊಳವೆಯಲ್ಲಿ ಎಂಟು ಪಟ್ಟು, ಸುಮಾರು 2,120.

ಸಿರೆಗಳಲ್ಲಿ ಈ ದರ ಹತ್ತುಗಳಿಂದ ಕೆಲವು ನೂರು, ಅಪಧಮನಿಗಳಲ್ಲಿ ಕೆಲವು ನೂರರಿಂದ ಸಾವಿರದ ಮೇಲೆ, ಕಿರಿದಾದ ಜಾಗದಲ್ಲಿ ಹಲವು ಸಾವಿರ. ದರ ಬದಲಾದರೆ ರಕ್ತದ ಆಟವೇ ಬದಲಾಗುತ್ತದೆ. ನಿಧಾನ ಹರಿವಿನಲ್ಲಿ ಫೈಬ್ರಿನ್ ಮತ್ತು ಕೆಂಪುಕಣಗಳ ಕೆಂಪು ಹೆಪ್ಪು. ಬಿರುಸಾದ ಹರಿವಿನಲ್ಲಿ ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಉದ್ದ ಪ್ರೋಟೀನ್ ಸುರುಳಿ ಬಿಚ್ಚಿಕೊಂಡು ಓಡುವ ಪ್ಲೇಟ್‌ಲೆಟ್‌ಗಳನ್ನು ಹಿಡಿಯುತ್ತದೆ, ಹೆಪ್ಪು ಬೆಳ್ಳಗಿರುತ್ತದೆ. ಸಿರೆಯ ಫಿಲ್ಟರ್‌ನ ಲೇಪನವನ್ನು ಅಪಧಮನಿಯ ದರದಲ್ಲಿ ಪರೀಕ್ಷಿಸಿದರೆ ಬೇರೆ ಸಾಧನದ ಪರೀಕ್ಷೆ ಬರೆದಂತಾಗುತ್ತದೆ.

ಟಿಎಟಿ, ಬೀಟಾ-ಟಿಜಿ, ಸಿ3ಎ, ಎಸ್‌ಸಿ5ಬಿ-9 ಹೀಗೆ ರಕ್ತದಲ್ಲಿ ಅಳೆಯುವ ಸೂಚಕಗಳ ಪಟ್ಟಿ ಉದ್ದವಿದೆ. ನಮ್ಮ ಅನುದಾನದಲ್ಲಿ ಒಂದೆರಡು ಕಿಟ್‌ಗಷ್ಟೇ ಹಣವಿದೆ. ಯಾವುದು?

ಪ್ಲೇಟ್‌ಲೆಟ್ ಎಣಿಕೆ ಹೇಗೂ ಅಗ್ಗ, ಅದನ್ನು ಬಿಡಬೇಡಿ. ಮೊದಲ ಕಿಟ್ ಟಿಎಟಿ ಇರಲಿ: ಥ್ರಾಂಬಿನ್ ಹುಟ್ಟಿದರೆ ರಕ್ತದಲ್ಲೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನ್ ಅದನ್ನು ಹಿಡಿದು ಜೋಡಿಯಾಗುತ್ತದೆ, ಆ ಜೋಡಿಯ ಪ್ರಮಾಣವೇ ಟಿಎಟಿ. ಎರಡನೆಯದು ಎಸ್‌ಸಿ5ಬಿ-9, ಕಾಂಪ್ಲಿಮೆಂಟ್ ಸರಣಿಯ ಕೊನೆಯ ಉತ್ಪನ್ನ.

ಸಿ3ಎ ಯಾಕೆ ಬೇಡ ಎಂದರೆ, ಅದು ಕಾಂಪ್ಲಿಮೆಂಟ್ ಕೆರಳಿದಾಗ ಹುಟ್ಟುವ, ಧನ ವಿದ್ಯುದಂಶದ ಚಿಕ್ಕ ಪ್ರೋಟೀನ್. ಋಣ ವಿದ್ಯುದಂಶದ ಲೇಪನ ಅದನ್ನು ತಾನೇ ಹೀರಿಕೊಳ್ಳಬಹುದು. ಕಾಂಪ್ಲಿಮೆಂಟ್ ಕೆರಳಿದ್ದರೂ ದ್ರವದಲ್ಲಿ ಅಂಕಿ ಕಡಿಮೆ ಕಾಣುತ್ತದೆ, ಲೇಪನ ಒಳ್ಳೆಯದೆಂದು ಹೆಸರು ಪಡೆಯುತ್ತದೆ. ಡಯಾಲಿಸಿಸ್ ಪೊರೆಗಳಲ್ಲಿ ಈ ಮೋಸ ಚೆನ್ನಾಗಿ ದಾಖಲಾಗಿದೆ.

ಕಾಂಪ್ಲಿಮೆಂಟ್ ಅಳತೆಗೆ ಮಹತ್ವ ಬಂದದ್ದೂ ಡಯಾಲಿಸಿಸ್‌ನಿಂದಲೇ. ಹಳೆಯ ಸೆಲ್ಯುಲೋಸ್ ಪೊರೆಯಲ್ಲಿ ರಕ್ತ ಹರಿಯಲು ತೊಡಗಿದ ಕಾಲು ಗಂಟೆಯಲ್ಲೇ ರೋಗಿಯ ಬಿಳಿಕಣಗಳ ಎಣಿಕೆ ಕುಸಿಯುತ್ತಿತ್ತು, ಆಮೇಲೆ ತಾನೇ ಏರುತ್ತಿತ್ತು. 1968ರಲ್ಲಿ ಗಮನಕ್ಕೆ ಬಂದ ಇದರ ಹಿಂದೆ ಕಾಂಪ್ಲಿಮೆಂಟ್ ಇದೆ, ಕಣಗಳು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತಿವೆ ಎಂದು ತಿಳಿದದ್ದು ಮುಂದಿನ ದಶಕದಲ್ಲಿ.

ಒಂದು ಎಚ್ಚರಿಕೆ: ರಕ್ತವನ್ನು ಪ್ರಯೋಗದಿಂದ ತೆಗೆದ ಕ್ಷಣವೇ ಇಡಿಟಿಎ ಸೇರಿಸಿ ಮಂಜುಗಡ್ಡೆಯಲ್ಲಿಡಿ. ಇಲ್ಲವಾದರೆ ಕ್ರಿಯೆ ಕೊಳವೆಯಲ್ಲೇ ಮುಂದುವರಿಯುತ್ತದೆ.

ಕ್ವಾರ್ಟ್ಸ್ ಹರಳಿನ ತಕ್ಕಡಿಯಲ್ಲಿ ಪ್ರೋಟೀನ್ ಅಳೆದಾಗ ಬೆಳಕಿನ ವಿಧಾನಕ್ಕಿಂತ ಎರಡು ಪಟ್ಟು ಹೆಚ್ಚು ತೂಕ ಬಂತು. ಯಾವುದು ತಪ್ಪು?

ಯಾವುದೂ ತಪ್ಪಲ್ಲ. ಹರಳು ತನ್ನ ಮೇಲೆ ಕೂತ ಪ್ರೋಟೀನನ್ನೂ, ಪ್ರೋಟೀನಿನ ಸಂದಿಗಳಲ್ಲಿ ಸಿಕ್ಕಿಕೊಂಡ ನೀರನ್ನೂ ಸೇರಿಸಿ ತೂಗುತ್ತದೆ. ಬೆಳಕಿನ ವಿಧಾನ ಪ್ರೋಟೀನನ್ನು ಮಾತ್ರ ಕಾಣುತ್ತದೆ. ಎರಡರ ವ್ಯತ್ಯಾಸ ಪದರ ಎಷ್ಟು ಸಡಿಲವಾಗಿದೆ ಎಂಬ ಮಾಹಿತಿ; ಅದನ್ನು ಎಸೆಯಬೇಡಿ. ತೂಕ ಕೂತಂತೆ ಹರಳಿನ ಕಂಪನ ಇಳಿಯುತ್ತದೆ; 5 ಮೆಗಾಹರ್ಟ್ಸ್ ಹರಳಿನಲ್ಲಿ ಒಂದು ಹರ್ಟ್ಸ್ ಇಳಿಕೆಗೆ ಚದರ ಸೆಂಟಿಮೀಟರಿಗೆ 17.7 ನ್ಯಾನೊಗ್ರಾಂ ಎಂಬ, ಸಾವರ್‌ಬ್ರೇ 1959ರಲ್ಲಿ ಕೊಟ್ಟ ಸೂತ್ರದ ಲೆಕ್ಕ ಗಟ್ಟಿ ಪದರಕ್ಕೆ ಮಾತ್ರ ಸರಿ. ಕಂಪನ ಬೇಗ ತಣಿಯುತ್ತಿದ್ದರೆ ಪದರ ಮೆತ್ತಗಿದೆ, ಆಗ ಬೇರೆ ಮಾದರಿ ಬೇಕು.

ಈ ತಕ್ಕಡಿಯಲ್ಲಿ ನೋಡಬೇಕಾದ ಸೊಗಸು ಬೇರೆಯೇ ಇದೆ: ಪದರ ಕಾಲಕ್ಕೆ ತಕ್ಕಂತೆ ಬದಲಾಗುವುದು. 1960ರ ದಶಕದಲ್ಲಿ ಲಿಯೋ ವ್ರೋಮನ್ ಇದನ್ನು ಮೊದಲು ಗುರುತಿಸಿದರು. ಖಾಲಿ ಬಸ್ಸಿಗೆ ಮೊದಲು ಹತ್ತಿದವರು ಕೂರುತ್ತಾರೆ, ಆಮೇಲೆ ಬಂದ ಬಲಾಢ್ಯರು ಅವರನ್ನು ಎಬ್ಬಿಸಿ ತಾವು ಕೂರುತ್ತಾರಲ್ಲ, ಹಾಗೆ ಮೊದಲು ಬಂದ ಪ್ರೋಟೀನ್‌ಗಳನ್ನು ಫೈಬ್ರಿನೋಜೆನ್ ಎಬ್ಬಿಸುತ್ತದೆ, ಅದನ್ನು ಕಿನಿನೋಜೆನ್ ಎಂಬ ಇನ್ನೊಂದು ಪ್ರೋಟೀನ್ ಎಬ್ಬಿಸುತ್ತದೆ. ವ್ರೋಮನ್ ಡಚ್ ಭಾಷೆಯ ಹೆಸರಾಂತ ಕವಿಯೂ ಹೌದು. ಈ ಪರಿಣಾಮ ಇಂದು ಅವರ ಹೆಸರಿನಲ್ಲೇ ಇದೆ.

## ತೊಡಕಿನ ಪ್ರಶ್ನೆಗಳು

ಬಣ್ಣದ ಪರೀಕ್ಷೆಯಲ್ಲಿ ಲೇಪನದ ತುಂಬ ಹೆಪಾರಿನ್ ಇದೆ ಎಂದು ಬಂತು. ಆದರೂ ರಕ್ತ ಹೆಪ್ಪುಗಟ್ಟಿತು. ಯಾಕೆ?

ಟೊಲುಯಿಡಿನ್ ನೀಲಿ ಬಣ್ಣ ಹೆಪಾರಿನ್ ಇದೆಯೇ ಎಂದು ಹೇಳುತ್ತದೆ, ಅದು ಕೆಲಸ ಮಾಡುತ್ತಿದೆಯೇ ಎಂದಲ್ಲ. ಹೆಪಾರಿನ್ ಕೆಲಸ ಮಾಡುವುದು ಆಂಟಿಥ್ರಾಂಬಿನ್ ಅನ್ನು ಹಿಡಿಯುವ ಐದು ಸಕ್ಕರೆಗಳ ಒಂದು ತುಣುಕಿನಿಂದ. ಮಾರುಕಟ್ಟೆಯ ಹೆಪಾರಿನ್ ಸರಪಳಿಗಳಲ್ಲಿ ಸುಮಾರು ಮೂರನೇ ಒಂದು ಪಾಲಿನಲ್ಲಷ್ಟೇ ಆ ತುಣುಕು ಇರುತ್ತದೆ. ಸರಪಳಿಯನ್ನು ಹತ್ತಾರು ಕಡೆ ಬಿಗಿದು ಅಂಟಿಸಿದರೆ ಆ ತುಣುಕೂ ಬಂಧಿಯಾಗುತ್ತದೆ. ಒಂದು ತುದಿಯಿಂದ ಮಾತ್ರ ಕಟ್ಟಿ ಉಳಿದದ್ದನ್ನು ತೇಲಲು ಬಿಡುವ ವಿಧಾನವನ್ನು 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನವರು ಕಂಡುಕೊಂಡದ್ದು ಈ ಕಾರಣಕ್ಕೇ. ಆದ್ದರಿಂದ ಲೇಪನ ಎಷ್ಟು ಆಂಟಿಥ್ರಾಂಬಿನ್ ಹಿಡಿಯುತ್ತದೆ ಎಂದು ಅಳೆಯಿರಿ.

ಇದರ ತಿರುಗುಮುರುಗು ಸಮಸ್ಯೆಯೂ ಇದೆ: ಲೇಪನ ಅದ್ಭುತವಾಗಿ ಕಾಣುತ್ತದೆ, ಕಾರಣ ಹೆಪಾರಿನ್ ಕಿತ್ತುಕೊಂಡು ರಕ್ತಕ್ಕೆ ಸೇರುತ್ತಿದೆ. ಇದನ್ನು ಹಿಡಿಯುವುದು ಸುಲಭ. ಮಾದರಿಯನ್ನು ಪ್ಲಾಸ್ಮಾದಲ್ಲಿ ಅದ್ದಿ ಹೊರತೆಗೆಯಿರಿ. ಉಳಿದ ಪ್ಲಾಸ್ಮಾದ ಹೆಪ್ಪುಗಟ್ಟುವ ಸಮಯ ನೋಡಿ. ಅದು ಉದ್ದವಾಗಿದ್ದರೆ ಲೇಪನ ಸೋರುತ್ತಿದೆ, ಒಂದು ದಿನ ತೊಳೆದು ಮತ್ತೆ ಅಳೆದರೆ ನಿಜ ಬಣ್ಣ ಗೊತ್ತಾಗುತ್ತದೆ.

ಅದೇ ಲೇಪನ, ಅದೇ ಕೈ. ಒಂದು ವಾರ ಒಳ್ಳೆಯ ಫಲಿತಾಂಶ, ಮುಂದಿನ ವಾರ ಕೆಟ್ಟದ್ದು. ಎಲ್ಲಿ ಹುಡುಕಬೇಕು?

ದಾನಿ ಬದಲಾಗಿಲ್ಲ ಎಂದಾದರೆ ಎಂಡೋಟಾಕ್ಸಿನ್ ಮೇಲೆ ಅನುಮಾನ ಪಡಿ. ಸತ್ತ ಬ್ಯಾಕ್ಟೀರಿಯಾದ ಗೋಡೆಯ ಈ ಚೂರು ಬಿಳಿಕಣಗಳನ್ನು ಕೆರಳಿಸಿ ಹೆಪ್ಪು ಹುಟ್ಟಿಸುತ್ತದೆ, ಕಾಂಪ್ಲಿಮೆಂಟ್ ಅನ್ನೂ ಎಬ್ಬಿಸುತ್ತದೆ. ಆಟೊಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಈ ಚೂರನ್ನು ಬಿಟ್ಟುಬಿಡುತ್ತದೆ. ಗಾಜಿನ ಸಾಮಾನಾದರೆ 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಟ್ಟು ನಾಶ ಮಾಡಬಹುದು. ಲೇಪನಕ್ಕೆ ಆ ದಾರಿ ಇಲ್ಲ, ಮೊದಲಿನಿಂದಲೇ ನೀರು ಮತ್ತು ರಾಸಾಯನಿಕ ಶುದ್ಧವಿರಬೇಕು. ರಕ್ತ ಸಂಪರ್ಕದ ಸಾಧನಕ್ಕೆ ಒಟ್ಟು 20 ಎಂಡೋಟಾಕ್ಸಿನ್ ಘಟಕ ಮಿತಿ.

ಎರಡನೆಯ ಅನುಮಾನ ಕ್ರಿಮಿಶುದ್ಧೀಕರಣದ ಮೇಲೆ. ಗಾಮಾ ಕಿರಣ ಪಾಲಿಮರ್ ಸರಪಳಿಗಳನ್ನು ಕತ್ತರಿಸಬಲ್ಲದು. ಶುದ್ಧೀಕರಿಸದ ಮಾದರಿಯಲ್ಲಿ ಅಳೆದ ಫಲಿತಾಂಶ ರೋಗಿಗೆ ಹೋಗುವ ವಸ್ತುವಿನದ್ದಲ್ಲ.

ಭಾರತದಲ್ಲಿ ಇಂತಹ ಕೆಲಸ ಆಗಿದೆಯೇ, ಅಥವಾ ಎಲ್ಲವೂ ಹೊರಗಿನದ್ದೇ?

ಆಗಿದೆ, ಅದೂ ಬಹಳ ಹಿಂದೆಯೇ. ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಓರೆತಟ್ಟೆಯ ಹೃದಯ ಕವಾಟವನ್ನು ಮೊದಲ ಬಾರಿಗೆ ರೋಗಿಗೆ ಜೋಡಿಸಿದ್ದು 1990ರ ಡಿಸೆಂಬರ್ 6ರಂದು. ಅದರ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಚೌಕಟ್ಟು, ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್ ತಟ್ಟೆ ಹಲವು ವಸ್ತುಗಳನ್ನು ಕೈಬಿಟ್ಟ ನಂತರ ಉಳಿದವು. ನೀಲಮಣಿಯ ತಟ್ಟೆಯನ್ನೂ ನಡುವೆ ಪ್ರಯತ್ನಿಸಿ ಬಿಟ್ಟಿದ್ದರು. ರಕ್ತದೊಂದಿಗಿನ ಪರೀಕ್ಷೆಗಳೂ ಸೇರಿದಂತೆ ಇಂತಹ ಸಾಧನಗಳ ಕೆಲಸಕ್ಕೆ ಪೂಜಪ್ಪುರದ ಹಳೆಯ ಅರಮನೆಯೊಂದರಲ್ಲಿ ಪ್ರತ್ಯೇಕ ವಿಭಾಗವನ್ನೇ ಕಟ್ಟಿದರು. ವಲಿಯತ್ತಾನ್ ಆಮೇಲೆ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, 2024ರಲ್ಲಿ ತೀರಿಕೊಳ್ಳುವವರೆಗೂ ಮಣಿಪಾಲದಲ್ಲೇ ಇದ್ದರು.

ಈಗ ಇಲ್ಲಿ ಸಾಧನ ಮಾರಬೇಕಿದ್ದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ. ಕವಾಟ, ಔಷಧ ಲೇಪಿತ ಸ್ಟೆಂಟ್‌ಗಳು ಅತ್ಯಂತ ಹೆಚ್ಚು ಅಪಾಯದ ಡಿ ವರ್ಗದಲ್ಲಿವೆ.

ಮೇಜಿನ ಮೇಲೆ ಎಲ್ಲವೂ ಚೆನ್ನಾಗಿ ಬಂದಿದೆ. ಪ್ರಾಣಿ ಪ್ರಯೋಗ ಬಿಡಬಹುದೇ?

ದೀರ್ಘಕಾಲ ದೇಹದಲ್ಲಿರುವ ಸಾಧನಕ್ಕೆ ಸದ್ಯ ಸಾಧ್ಯವಿಲ್ಲ. ಮೇಜಿನ ಪ್ರಯೋಗ ಗಂಟೆಗಳದ್ದು. ಗಾಯ ಮಾಯುವುದು, ಒಳಪದರ ಹಬ್ಬುವುದು ವಾರಗಳ, ತಿಂಗಳುಗಳ ಕೆಲಸ. ಆದರೆ ಚೆನ್ನಾಗಿ ಮಾಡಿದ ಮೇಜಿನ ಪ್ರಯೋಗ ಕೆಟ್ಟ ಲೇಪನಗಳನ್ನು ಮೊದಲೇ ತಡೆದು ಪ್ರಾಣಿಗಳ ಸಂಖ್ಯೆ ಇಳಿಸುತ್ತದೆ, ಮಾನದಂಡವೂ ಅದನ್ನೇ ಬಯಸುತ್ತದೆ. ಪ್ರಾಣಿಯ ಆಯ್ಕೆಯಲ್ಲೂ ಜಾಗ್ರತೆ ಇರಲಿ. ನಾಯಿಯ ರಕ್ತ ಮನುಷ್ಯರ ರಕ್ತಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ, ಅಲ್ಲಿ ಸೋತ ಲೇಪನ ಎಲ್ಲೆಡೆ ಸೋಲಬೇಕೆಂದಿಲ್ಲ.

ರಕ್ತ ಅಂಟದಂತೆ ಮಾಡುವುದು ಇಷ್ಟು ಕಷ್ಟವಾದರೆ, ಅಂಟಲಿ ಎಂದೇ ಬಿಟ್ಟವರು ಇದ್ದಾರೆಯೇ?

ಇದ್ದಾರೆ. ಹೃದಯಕ್ಕೆ ನೆರವಾಗುವ ಹಾರ್ಟ್‌ಮೇಟ್ ಪಂಪಿನ ಮೊದಲ ಪೀಳಿಗೆಗೆ ಅಮೆರಿಕದಲ್ಲಿ 1994ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಒಳಮೈಗೆ ಟೈಟಾನಿಯಂನ ಸೂಕ್ಷ್ಮ ಗೋಲಿಗಳನ್ನು ಬೆಸೆದು, ಪಾಲಿಯುರೆಥೇನ್ ಪೊರೆಯನ್ನೂ ಒರಟಾಗಿಸಿ, ರಕ್ತ ಬೇಕೆಂದೇ ಅಂಟುವಂತೆ ಮಾಡಿದ್ದರು. ಅಂಟಿದ ಪದರ ಒರಟಿನಲ್ಲಿ ಬಿಗಿಯಾಗಿ ಬೇರೂರಿ, ಕಿತ್ತುಹೋಗದೆ, ನಿಧಾನವಾಗಿ ಜೀವಂತ ಒಳಪದರದಂತಾಗುತ್ತಿತ್ತು. ಆ ಪಂಪ್ ಹಾಕಿಸಿಕೊಂಡ ಬಹುತೇಕ ರೋಗಿಗಳಿಗೆ ವಾರ್ಫರಿನ್ ಎಂಬ ಬಲವಾದ ಹೆಪ್ಪುರೋಧಕ ಬೇಕಾಗಲಿಲ್ಲ, ಆಸ್ಪಿರಿನ್ ಸಾಕಾಯಿತು.

ಅಳೆಯುವವರಿಗೆ ಇದೊಂದು ತಲೆನೋವು. ಮೇಲೆ ಹೇಳಿದ ಮೊದಲ ಗಂಟೆಗಳ ಪರೀಕ್ಷೆಗಳಲ್ಲಿ ಪ್ಲೇಟ್‌ಲೆಟ್ ಎಣಿಕೆಯಾಗಲಿ ಟಿಎಟಿಯಾಗಲಿ ಇಂತಹ ಮೇಲ್ಮೈಗೆ ಒಳ್ಳೆಯ ಅಂಕ ಕೊಡುವುದಿಲ್ಲ. ಅಂಟಿದ ಪದರ ಎಷ್ಟು ಬಲದ ಹರಿವಿಗೆ ಕಿತ್ತುಬರುತ್ತದೆ, ಎಷ್ಟು ದಪ್ಪಕ್ಕೆ ನಿಲ್ಲುತ್ತದೆ ಎಂಬುದನ್ನೇ ಅಲ್ಲಿ ಅಳೆಯಬೇಕು, ಅದಕ್ಕೆ ದಿನಗಟ್ಟಲೆ ನಡೆಯುವ ಹರಿವಿನ ವ್ಯವಸ್ಥೆ ಬೇಕು.